ಕಡಲ ವೃಕೋದರನ ಅನ್ನದ ಲೆಕ್ಕ

2023ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಕೆನ್ಯಾ ದೇಶದ ಮೊಂಬಾಸಾ ನಗರದಲ್ಲಿ ಹಿಂದೂ ಮಹಾಸಾಗರದ ಟ್ಯೂನಾ ಆಯೋಗದ ವಿಶೇಷಾಧಿವೇಶನವೊಂದು ನೆರೆದಿತ್ತು. ಸಮುದ್ರದ ಮೇಲೆ ಕೃತ್ರಿಮ ತೆಪ್ಪಗಳನ್ನು ತೇಲಬಿಟ್ಟು, ಅವುಗಳ ಅಡಿಯಲ್ಲಿ ಬಂದು ಸೇರುವ ಟ್ಯೂನಾ ಮೀನುಗಳನ್ನು ಹಿಂಡುಹಿಂಡಾಗಿ ಬಾಚಿಕೊಳ್ಳುವ ಪದ್ಧತಿಯನ್ನು ವರ್ಷದಲ್ಲಿ 72 ದಿವಸಗಳ ಕಾಲ ನಿಲ್ಲಿಸಬೇಕೆಂದು ಇಂಡೋನೇಶ್ಯ ಮೊದಲಾದ ಕರಾವಳಿಯ ರಾಷ್ಟ್ರಗಳು ತಂದ ಸೂಚನೆಯು ಅಲ್ಲಿ ಬಹುಮತದಿಂದ ಅಂಗೀಕೃತವಾಯಿತು. ಅಂಗೀಕೃತವಾದುದಷ್ಟೇ ಲಾಭ. ಕೆಲವೇ ತಿಂಗಳುಗಳಲ್ಲಿ ಯೂರೋಪಿನ ಒಕ್ಕೂಟವೂ ಇನ್ನು ಕೆಲವು ಸದಸ್ಯರೂ ಆಕ್ಷೇಪಣೆಯನ್ನು ಸಲ್ಲಿಸಿದರು. ನಿರ್ಣಯವು ಜಾರಿಗೆ ಬರಲೇ ಇಲ್ಲ. ಈ ನಿರ್ಬಂಧಕ್ಕೆ ತಕ್ಕಷ್ಟು ವಿಜ್ಞಾನದ ಆಧಾರವಿಲ್ಲವೆಂಬುದು ಆಕ್ಷೇಪಣೆಯ ಮುಖ್ಯ ಮಾತು.

ವಿಜ್ಞಾನದ ಆಧಾರವೆಂದರೇನು? ಕಡಲಲ್ಲಿ ಮೀನೆಷ್ಟಿದೆ, ಅದರಲ್ಲಿ ಎಷ್ಟನ್ನು ಹಿಡಿಯಬಹುದು ಎಂಬ ತಲೆಯೆಣಿಕೆಯೊಂದೇ ವಿಜ್ಞಾನವೆನ್ನುವುದಾದರೆ ಆ ಮಾತಿಗೆ ಸ್ವಲ್ಪ ಬೆಲೆಯುಂಟು. ಆದರೆ ಆ ಮೀನು ಏನನ್ನು ತಿನ್ನುತ್ತದೆ, ದಿನಕ್ಕೆಷ್ಟು ತಿನ್ನಬೇಕು, ಆ ಅನ್ನವು ಎಲ್ಲಿ ದೊರೆಯುತ್ತದೆ, ದೊರೆಯದಿದ್ದರೆ ಅದರ ಗತಿಯೇನು ಎಂಬುದೂ ವಿಜ್ಞಾನವೇ ಅಷ್ಟೆ. ಆ ವಿಜ್ಞಾನವು ಕಳೆದ ಅರವತ್ತು ವರ್ಷಗಳಲ್ಲಿ ಬಹಳ ಮುಂದೆ ಬಂದಿದೆ. ಟ್ಯೂನಾದ ವಿವಾದವನ್ನು ಮೀನಿನ ಹೊಟ್ಟೆಯಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಮಗೆ ಮೀನಿನ ಊಟದ ಉಸಾಬರಿಯೇಕೆಂದು ಕೆಲವು ಮಿತ್ರರು ನಗಬಹುದು, ನಗಲಿ. ಆ ಅಮರಕೋಶದಲ್ಲಿಯೇ ಮೀನಿಗೆ ವೈಸಾರಿಣವೆಂಬ ಹೆಸರೊಂದುಂಟು. ಸದಾ ಸರಿದಾಡುವಂಥದು ಎಂದು ಅದರ ಅರ್ಥವನ್ನು ಮಾಡಬಹುದು. ಮಿಕ್ಕ ಮೀನುಗಳಿಗೆ ಈ ಹೆಸರು ಎಷ್ಟರಮಟ್ಟಿಗೆ ಒಪ್ಪುವುದೋ ಕಾಣೆವು. ಟ್ಯೂನಾಕ್ಕೆ ಮಾತ್ರ ಅಕ್ಷರಶಃ ಒಪ್ಪುತ್ತದೆ. ಹುಟ್ಟಿದಾರಭ್ಯ ಸಾಯುವವರೆಗೆ ಅದು ನಿಲ್ಲುವಂತಿಲ್ಲ.

ನಮ್ಮ ಕರಾವಳಿಯವರು ಗೇದರ್, ಕೇದರ್ ಎಂದು ಕರೆಯುವ ಮೀನುಗಳೂ ಈ ಕುಲದವೇ. ದೂರದ ಕಡಲಲ್ಲಿ ಪಟ್ಟೆಹೊಟ್ಟೆಯ ಸ್ಕಿಪ್‌ಜಾಕ್, ಹಳದಿ ರೆಕ್ಕೆಯದು, ದೊಡ್ಡಕಣ್ಣಿನದು, ನೀಲಿ ರೆಕ್ಕೆಯದು ಎಂದು ಹಲವು ಜಾತಿಗಳುಂಟು. ಲೋಕದಲ್ಲಿ ವರ್ಷಂಪ್ರತಿ ಹಿಡಿಯುವ ಟ್ಯೂನಾದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸ್ಕಿಪ್‌ಜಾಕ್ ಒಂದರದೇ.

ಸಾಮಾನ್ಯವಾದ ಮೀನು ಬಾಯನ್ನೂ ಕಿವಿರಿನ ಮುಚ್ಚಳವನ್ನೂ ಆಡಿಸುತ್ತ ನೀರನ್ನು ಒಳಕ್ಕೆಳೆದು ಉಸಿರಾಡುತ್ತದೆ. ಕೆರೆಯ ಮೀನು ಒಂದೇ ಕಡೆ ನಿಂತು ಹೀಗೆ ಮಾಡುವುದನ್ನು ಎಲ್ಲರೂ ನೋಡಿರುವರು. ಟ್ಯೂನಾಕ್ಕೆ ಆ ಸೌಕರ್ಯವಿಲ್ಲ. ಅದು ಬಾಯಿ ತೆರೆದು ಮುಂದಕ್ಕೆ ನುಗ್ಗಿದರೆ ಮಾತ್ರ ಕಿವಿರುಗಳ ಮೇಲೆ ನೀರು ಹಾಯುವುದು. ನಿಂತರೆ ಉಸಿರು ಕಟ್ಟುವುದು. ಎರಡನೆಯದಾಗಿ, ಅದರ ದೇಹವು ನೀರಿಗಿಂತ ಭಾರವಾದುದು. ಬೇರೆ ಮೀನುಗಳನ್ನು ತೇಲಿಸುವ ಗಾಳಿಯ ಚೀಲವು ಸ್ಕಿಪ್‌ಜಾಕಿಗೂ ನಮ್ಮ ಕರಾವಳಿಯ ಗೇದರಿಗೂ ಇಲ್ಲವೇ ಇಲ್ಲ. ಪಕ್ಕದ ರೆಕ್ಕೆಗಳನ್ನು ಹಕ್ಕಿಯಂತೆ ಚಾಚಿ ವೇಗದಿಂದ ಮುಂದೆ ಸಾಗಿದರೆ ತೇಲುತ್ತದೆ, ಇಲ್ಲವಾದರೆ ಮುಳುಗುತ್ತದೆ. ಆದುದರಿಂದ ನಮ್ಮ ಎತ್ತು ನೊಗವನ್ನಿಳಿಸಿದ ಮೇಲೆ ಮೆಲುಕು ಹಾಕುತ್ತ ಮಲಗುವಂತೆ ಈ ಪ್ರಾಣಿಯು ಒಂದು ಘಳಿಗೆಯೂ ಮಲಗಲಾರದು. ರಾತ್ರಿಯ ಹೊತ್ತು ಕೂಡ ಅದರ ಗಾಣವು ತಿರುಗುತ್ತಲೇ ಇರಬೇಕು.

ಇಷ್ಟೇ ಆಗಿದ್ದರೆ ಖರ್ಚು ಸಾಧಾರಣವೆನ್ನಬಹುದಾಗಿತ್ತು. ಮೀನೆಂದರೆ ತಣ್ಣನೆಯ ರಕ್ತದ ಪ್ರಾಣಿಯೆಂದೂ, ಸುತ್ತಲಿನ ನೀರೆಷ್ಟು ತಂಪೋ ಅದರ ಮೈಯೂ ಅಷ್ಟೇ ತಂಪೆಂದೂ ಮೆಟ್ರಿಕ್ಯುಲೇಷನ್ ತರಗತಿಯಲ್ಲಿ ನಾವೆಲ್ಲರೂ ಓದಿದ್ದೇವೆ. ಸಿಂಹಳದಲ್ಲಿ ಸೈನ್ಯದ ವೈದ್ಯನಾಗಿದ್ದ ಜಾನ್ ಡೇವಿಯೆಂಬಾತನು, ಪ್ರಸಿದ್ಧ ರಸಾಯನ ಶಾಸ್ತ್ರಜ್ಞ ಹಂಫ್ರಿ ಡೇವಿಯ ತಮ್ಮನೀತ, ಈ ಜಾತಿಯ ಮೀನಿನ ಮಾಂಸದೊಳಕ್ಕೆ ಉಷ್ಣಮಾಪಕವನ್ನು ಚುಚ್ಚಿ ನೋಡಿ, ಅದು ಸುತ್ತಲಿನ ನೀರಿಗಿಂತ ಸುಮಾರು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿರುವುದನ್ನು ಕಂಡನು. 1835ರಲ್ಲಿ ಆತನು ಇದನ್ನು ಪ್ರಕಟಿಸಿದಾಗ ಲೋಕವು ಇದೊಂದು ವಿನೋದದ ಸಂಗತಿಯೆಂದು ಓದಿ ಬದಿಗಿಟ್ಟಿತು. ಕಾರಣವು ಹೊರಬೀಳಲು ನೂರಕ್ಕೂ ಹೆಚ್ಚು ವರ್ಷಗಳೇ ಹಿಡಿದುವು. 1966ರಲ್ಲಿ ಅಮೆರಿಕದ ವುಡ್ಸ್ ಹೋಲಿನ ಫ್ರಾನ್ಸಿಸ್ ಕೇರಿ ಮತ್ತು ಜಾನ್ ಟೀಲ್ ಎಂಬ ವಿದ್ವಾಂಸರು ಅದನ್ನು ವಿವರಿಸಿದರು. ಟ್ಯೂನಾದ ದೇಹದಲ್ಲಿ ಸದಾ ದುಡಿಯುವ ಕೆಂಪು ಮಾಂಸಖಂಡವು ಚರ್ಮದ ಅಡಿಯಲ್ಲಿರದೆ ಬೆನ್ನೆಲುಬಿನ ಹತ್ತಿರ ಒಳಗೆ ಅಡಗಿದೆ. ಅಲ್ಲಿಂದ ಹೊರಡುವ ಬಿಸಿರಕ್ತದ ನಾಳಗಳೂ ಕಿವಿರುಗಳಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಸಹಸ್ರಾರು ಎಳೆಗಳಾಗಿ ಒಂದರ ಪಕ್ಕದಲ್ಲೊಂದು ಎದುರುಬದುರಾಗಿ ಹರಿಯುತ್ತವೆ. ಹೋಗುವ ರಕ್ತವು ತನ್ನ ಬಿಸಿಯನ್ನು ಬರುವ ರಕ್ತಕ್ಕೆ ಒಪ್ಪಿಸಿಯೇ ಹೋಗಬೇಕು. ಮನೆಯ ಯಜಮಾನನು ಹೊರಗೆ ಹೋಗುವವರ ಜೇಬನ್ನು ಬಾಗಿಲಲ್ಲೇ ಬರಿದುಮಾಡಿ ಒಳಬರುವವರ ಕೈಗೆ ಕೊಟ್ಟಂತೆ ಈ ಏರ್ಪಾಡು.

ಬೆಚ್ಚಗಿರುವ ಸ್ನಾಯುವು ಬೇಗನೆ ಕೆಲಸ ಮಾಡುತ್ತದೆ. ನೀಲಿ ರೆಕ್ಕೆಯ ಟ್ಯೂನಾದಲ್ಲಿ ಕಣ್ಣು ಮತ್ತು ಮೆದುಳುಗಳೂ ಬೆಚ್ಚಗಿದ್ದು ತಂಪಿನ ನೀರಿನಲ್ಲಿಯೂ ಬೇಟೆಯು ಕಣ್ತಪ್ಪುವುದಿಲ್ಲ. ಆದರೆ ಸುಖವೆಂಬುದು ಎಲ್ಲಿ ಪುಕ್ಕಟೆಯಾಗಿ ಬಂದಿದೆ? ಹೊನೊಲುಲು ನಗರದ ಕೆವಾಲೊ ಪ್ರಯೋಗಶಾಲೆಯಲ್ಲಿ, ಜೀವಂತ ಟ್ಯೂನಾವನ್ನು ತೊಟ್ಟಿಯಲ್ಲಿ ಸಾಕಿ ಪರೀಕ್ಷಿಸುವ ವಿದ್ಯೆಯು ಮೊದಲು ಕೈಗೂಡಿದ ಸ್ಥಳಗಳಲ್ಲಿ ಅದೊಂದು, ಮೀನನ್ನು ನಿಶ್ಚಲವಾಗಿಸಿ ಅದರ ಪ್ರಾಣವಾಯುವಿನ ವ್ಯಯವನ್ನು ಅಳೆದಾಗ, ಆ ಸ್ಥಿತಿಯಲ್ಲಿಯೂ ಅದು ಸಾಲ್ಮನ್ನಿನಂತಹ ಚುರುಕು ಮೀನಿನ ಎರಡು ಮೂರು ಪಟ್ಟಿಗೂ ಮಿಕ್ಕಿ ವ್ಯಯಿಸುತ್ತಿದ್ದುದು ಕಂಡುಬಂದಿತು. ಅದರ ಕಿವಿರುಗಳ ವಿಸ್ತಾರವೂ ಹೃದಯದ ಗಾತ್ರವೂ ಬೇರೆ ಮೀನುಗಳಲ್ಲಿ ಕಾಣದಷ್ಟು ದೊಡ್ಡವು. ಇಷ್ಟು ದೊಡ್ಡ ಯಂತ್ರಕ್ಕೆ ಅಷ್ಟೇ ದೊಡ್ಡ ಒಲೆ ಬೇಕು, ಒಲೆಗೆ ಸೌದೆ ಬೇಕು.

ಆ ಸೌದೆಯೆಷ್ಟು? ಅದೇ ಹೊನೊಲುಲುವಿನ ಕೆಲಸದಿಂದ 1969ರಲ್ಲಿ ಮ್ಯಾಗ್ನಸನ್ ಎಂಬ ವಿದ್ವಾಂಸನು ಪ್ರಕಟಿಸಿದ ಲೆಕ್ಕವನ್ನು ನೋಡಬೇಕು. ಬೇಕಾದಷ್ಟು ಹಾಕಿದಾಗ ಸ್ಕಿಪ್‌ಜಾಕ್ ಮೀನು ದಿನವೊಂದಕ್ಕೆ ತನ್ನ ತೂಕದ ನೂರಕ್ಕೆ ಸುಮಾರು 15 ಪಾಲು ತಿಂದಿತು. ಅದರ ಜಠರವು ಒಮ್ಮೆಗೆ ಹಿಡಿಯುವುದು ದೇಹದ ತೂಕದ ನೂರಕ್ಕೆ 7 ಪಾಲು ಮಾತ್ರ. ಆದರೆ ಸುಮಾರು ಹನ್ನೆರಡು ಗಂಟೆಗಳಲ್ಲಿ ಅದು ಬರಿದಾಗಿ ಮತ್ತೆ ಸಿದ್ಧವಾಗುತ್ತಿತ್ತು. ಮೀನನ್ನು ತಿಂದು ಬದುಕುವ ಬೇರೆ ಮೀನುಗಳಿಗೆ ಇದರ ಹಲವು ಪಟ್ಟು ಕಾಲ ಬೇಕು. ಅರವತ್ತು ಕಿಲೋ ತೂಕದ ಮನುಷ್ಯನು ಈ ಪ್ರಮಾಣದಲ್ಲಿ ಉಣ್ಣುವುದಾದರೆ ದಿನಕ್ಕೆ ಒಂಬತ್ತು ಕಿಲೋ ಬೇಕಾಗುತ್ತದೆ. ಏಕಚಕ್ರನಗರದಲ್ಲಿ ಬಕನಿಗೆಂದು ಗಾಡಿಯಲ್ಲಿ ಒಯ್ದ ಅನ್ನವನ್ನು ಕುಳಿತು ಉಂಡ ವೃಕೋದರನನ್ನು ನೆನೆಯದೆ ಈ ಲೆಕ್ಕವನ್ನು ಓದಲಾಗುವುದಿಲ್ಲ.

ತೊಟ್ಟಿಯ ಮೀನಿಗೆ ಬಡಿಸುವವರುಂಟು. ಕಡಲಿನ ಮೀನಿಗೆ ಯಾರಿದ್ದಾರೆ? ಪೂರ್ವ ಪೆಸಿಫಿಕ್ ಸಾಗರದ ಹಳದಿ ರೆಕ್ಕೆಯ ಟ್ಯೂನಾವು ತನ್ನ ಸ್ವಾಭಾವಿಕ ಸ್ಥಿತಿಯಲ್ಲಿ ದಿನಕ್ಕೆ ತೂಕದ ನೂರಕ್ಕೆ ಸುಮಾರು 4ರಿಂದ 7 ಪಾಲು ತಿನ್ನುತ್ತದೆಂದು 1986ರಲ್ಲಿ ಬೇರೆ ಬೇರೆ ಕ್ರಮಗಳಿಂದ ಲೆಕ್ಕ ಹಾಕಿದರು. ಅದರ ಆಹಾರದಲ್ಲಿ ದೊಡ್ಡ ಪಾಲು ಯಾವುದು ಬಲ್ಲಿರೋ? ಟ್ಯೂನಾದ ದಾಯಾದಿಗಳೇ ಆದ ಚಿಕ್ಕ ಜಾತಿಯ ಮೀನುಗಳು! ಮತ್ಸ್ಯನ್ಯಾಯವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಉಂಡುದನ್ನು ಅರಗಿಸುವುದಕ್ಕೂ ಖರ್ಚುಂಟು. ದಕ್ಷಿಣದ ನೀಲಿ ರೆಕ್ಕೆಯ ಟ್ಯೂನಾವನ್ನು ಆಸ್ಟ್ರೇಲಿಯದಲ್ಲಿ ಪರೀಕ್ಷಿಸಿದವರು, ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಆ ಆಹಾರವನ್ನು ಜೀರ್ಣಿಸುವುದರಲ್ಲಿಯೇ ವ್ಯಯವಾಗುವುದೆಂದು 2007ರಲ್ಲಿ ತಿಳಿಸಿರುವರು. ಊಟವಾದ ಮೇಲೆ ಈ ಮೀನಿನ ಹೊಟ್ಟೆಯೊಳಗಣ ಉಷ್ಣವು ಗಂಟೆಗಟ್ಟಲೆ ಏರುತ್ತದೆ. ಹೊಟ್ಟೆಯಲ್ಲಿ ಹುದುಗಿಸಿದ ಚಿಕ್ಕ ಯಂತ್ರವೊಂದು ಈ ಏರಿಳಿತವನ್ನು ಬರೆದಿಟ್ಟುಕೊಂಡರೆ, ಮೀನು ಎಂದು ಉಂಡಿತು, ಎಂದು ಉಪವಾಸವಿತ್ತು ಎಂಬುದು ದಿನಚರಿಯಂತೆ ತಿಳಿದುಬರುತ್ತದೆ. ಜಠರಾಗ್ನಿಯೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕಂಡಿಲ್ಲ. ಹೀಗೆ ಈಜಿಗೆಷ್ಟು, ಉಸಿರಿಗೆಷ್ಟು, ಬಿಸಿಗೆಷ್ಟು, ಜೀರ್ಣಕ್ಕೆಷ್ಟು ಎಂದು ಕಳೆಯುತ್ತ ಹೋದರೆ ದೇಹವೃದ್ಧಿಗೂ ಸಂತಾನಕ್ಕೂ ಉಳಿಯುವ ಬಾಕಿ ಬಹಳ ಚಿಕ್ಕದು. ಸಂಬಳವು ದೊಡ್ಡದಾಗಿದ್ದರೂ ತಿಂಗಳ ಕೊನೆಗೆ ಕೈಯಲ್ಲೇನೂ ಉಳಿಯದ ಸಂಸಾರಿಯ ಸ್ಥಿತಿಯಿದು. ಅಂತಹ ಮನೆಯಲ್ಲಿ ವರಮಾನದ ಸ್ವಲ್ಪ ಕೊರತೆಯೂ ಮೊದಲು ಮಕ್ಕಳ ಪಾಲಿಗೇ ತಗಲುತ್ತದೆ.

ಇನ್ನು ಆ ವರಮಾನವು ಎಲ್ಲಿಂದ ಬರುತ್ತದೆಯೆಂಬುದನ್ನು ನೋಡೋಣ. ಉಷ್ಣವಲಯದ ನಡುಗಡಲು ನೋಡುವುದಕ್ಕೆ ನೀಲಿಯಾಗಿ ರಮ್ಯವಾಗಿದ್ದರೂ ಅನ್ನದ ದೃಷ್ಟಿಯಿಂದ ಅದು ಮರುಭೂಮಿಗೆ ಸಮಾನ. ಆಹಾರವು ಅಲ್ಲೊಂದು ಇಲ್ಲೊಂದು ಮಡುವಿನಂತೆ ಇದ್ದು, ಪ್ರವಾಹಗಳು ಕೂಡುವೆಡೆಯಲ್ಲಿ ಇಂದು ಇರುತ್ತದೆ, ಮುಂದಿನ ತಿಂಗಳು ಇರುವುದಿಲ್ಲ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಹಿಡಿದ ಟ್ಯೂನಾಗಳ ಹೊಟ್ಟೆಯನ್ನು ಸೀಳಿ ನೋಡಿದ ಫ್ರಾನ್ಸಿನ ವಿದ್ವಾಂಸರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಎರಡು ಪದಾರ್ಥಗಳು: ಗುಂಪುಗುಂಪಾಗಿ ತೇಲಿಬರುವ ಒಂದು ಜಾತಿಯ ಚಿಕ್ಕ ಸೀಗಡಿಯಂತಹ ಪ್ರಾಣಿ, ಮತ್ತು ಗೇಣುದ್ದವೂ ಇಲ್ಲದ ಒಂದು ಬಗೆಯ ಮೀನು. ಅರಬ್ಬೀ ಸಮುದ್ರದಲ್ಲಿಯಾದರೋ ತೆರೆದ ನೀರಿನಲ್ಲಿ ಈಜಾಡುವ ಏಡಿಯೊಂದೂ, ನಮ್ಮವರು ಬೊಂಡಾಸ್ ಎನ್ನುವ ಜಾತಿಗೆ ಸೇರಿದ ದೊಡ್ಡ ಪ್ರಾಣಿಗಳೂ ಇದರ ಪಾಲಿಗೆ ಬರುತ್ತವೆ. ಇವು ಯಾವುವನ್ನೂ ಯಾರೂ ಡಬ್ಬಿಯಲ್ಲಿ ತುಂಬಿ ಮಾರುವುದಿಲ್ಲವಾದುದರಿಂದ ಇವುಗಳ ಸಂಖ್ಯೆಯನ್ನು ಎಣಿಸುವ ಆಸ್ಥೆ ಯಾವ ಸರ್ಕಾರಕ್ಕೂ ಹುಟ್ಟಿಲ್ಲ.

ದೊಡ್ಡಕಣ್ಣಿನ ಟ್ಯೂನಾದ ಉದ್ಯೋಗವಂತೂ ಕೇಳುವಂತಿದೆ. ಹಗಲಿನಲ್ಲಿ ಅದರ ಆಹಾರವು 300ರಿಂದ 500 ಮೀಟರುಗಳ ಆಳದ ಕತ್ತಲಿಗಿಳಿಯುತ್ತದೆ. ಅಲ್ಲಿ ಚಳಿ, ಪ್ರಾಣವಾಯುವೂ ಕಡಮೆ. ಮೀನು ಅಲ್ಲಿಗಿಳಿದು ಬೇಟೆಯಾಡಿ, ಮೈ ತಣ್ಣಗಾಗುತ್ತ ಬಂದಾಗ ಮೇಲಕ್ಕೆ ಬಂದು ಬೆಚ್ಚಗಿನ ನೀರಿನಲ್ಲಿ ಮೈ ಕಾಯಿಸಿಕೊಂಡು ಪುನಃ ಇಳಿಯುತ್ತದೆ. ಹಗಲೆಲ್ಲ ಇದೇ ಏರಿಳಿತ. ರಾತ್ರಿ ಬೇಟೆಯ ಪ್ರಾಣಿಗಳು ಮೇಲೆ ಬಂದಾಗ ಇದೂ ಹಿಂಬಾಲಿಸಿ ಬರುತ್ತದೆ. ಗಣಿಯಲ್ಲಿ ದುಡಿಯುವ ಕೂಲಿಕಾರನ ಪಾಡು ಇದಕ್ಕಿಂತ ಬೇರೆಯಲ್ಲ.

ಗಾಳಿ ಮತ್ತು ನೀರಿನ ಉಷ್ಣವು ಬದಲಾದರೆ ಅನ್ನದ ಮಡುವು ಸ್ಥಾನವನ್ನು ಬದಲಿಸುತ್ತದೆ. ಮೀನೂ ಹಿಂದೆಯೇ ಹೋಗುತ್ತದೆ. ಪೆಸಿಫಿಕ್ ಸಾಗರದಲ್ಲಿ ಎಲ್ ನಿನ್ಯೊ ಎಂಬ ವಿಪರೀತವು ಬಂದಾಗ ಸ್ಕಿಪ್‌ಜಾಕ್ ಹಿಂಡುಗಳು ಸಾವಿರಾರು ಕಿಲೋಮೀಟರು ಪೂರ್ವಕ್ಕೆ ಸರಿಯುವುದನ್ನು 1997ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷವೂ ಮರುವರ್ಷವೂ ನಮ್ಮ ಸಾಗರದಲ್ಲಿ ನೀರಿನ ಸ್ಥಿತಿಯು ತಲೆಕೆಳಗಾದಾಗ, ಆಫ್ರಿಕದ ಮಗ್ಗುಲಲ್ಲಿ ಬಲೆ ಹಾಕುತ್ತಿದ್ದ ಹಡಗುಗಳು ಮೀನನ್ನು ಹುಡುಕಿಕೊಂಡು ಪೂರ್ವದ ಕಡೆಗೆ ಬರಬೇಕಾಯಿತು.

ಅನ್ನವು ಇದ್ದರಷ್ಟೇ ಸಾಲದು. ತುತ್ತಿನ ಗಾತ್ರವೂ ಸರಿಯಾಗಿರಬೇಕು. ಈ ವಿಷಯದಲ್ಲಿ ಅಮೆರಿಕದ ಈಶಾನ್ಯದಲ್ಲಿರುವ ಮೇನ್ ಕೊಲ್ಲಿಯ ಕಥೆಯನ್ನು ನಮ್ಮ ಮೀನುಗಾರಿಕೆಯ ಅಧಿಕಾರಿಗಳು ಅವಶ್ಯವಾಗಿ ಓದಬೇಕು. ಅಲ್ಲಿನ ದಕ್ಕೆಯಲ್ಲಿ ನೀಲಿ ರೆಕ್ಕೆಯ ಟ್ಯೂನಾದ ಬಾಲದ ಮಾಂಸವನ್ನು ಕೊಯ್ದು ನೋಡಿ, ಕೊಬ್ಬಿನಂಶಕ್ಕೆ ತಕ್ಕಂತೆ ದರ್ಜೆಯನ್ನು ಕಟ್ಟುವವನೊಬ್ಬನಿರುತ್ತಾನೆ. ದರ್ಜೆಯ ಮೇಲೆ ಬೆಲೆ. 1991ರಿಂದ 2004ರವರೆಗಿನ ಅಂತಹ ಲೆಕ್ಕದ ಪುಸ್ತಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೀನುಗಳ ದರ್ಜೆಯು ದಾಖಲಾಗಿತ್ತು. ವಿದ್ವಾಂಸರು ಅದನ್ನು ತೆಗೆದು ನೋಡಿದಾಗ, ಮೀನು ವರ್ಷದಿಂದ ವರ್ಷಕ್ಕೆ ಬಡವಾಗುತ್ತ ಬಂದುದು ಕಂಡುಬಂದಿತು. ಆಶ್ಚರ್ಯವೇನೆಂದರೆ, ಅದರ ಮುಖ್ಯಾಹಾರವಾದ ಹೆರಿಂಗ್ ಮೀನು ಆ ಕಾಲದಲ್ಲಿ ಕೊಲ್ಲಿಯಲ್ಲಿ ಯಥೇಚ್ಛವಾಗಿತ್ತು! ಕಾರಣವನ್ನು 2015ರಲ್ಲಿ ಬರೆದರು. ಹೆರಿಂಗಿನ ಸಂಖ್ಯೆಯು ಹೆಚ್ಚಿದ್ದರೂ ಒಂದೊಂದರ ಗಾತ್ರವು ಕುಗ್ಗಿತ್ತು. ಬೆನ್ನಟ್ಟಿ ಹಿಡಿಯುವ ಶ್ರಮವು ದೊಡ್ಡದಕ್ಕೂ ಚಿಕ್ಕದಕ್ಕೂ ಬಹುಶಃ ಒಂದೇ. ಸಿಕ್ಕುವ ಸತ್ವ ಮಾತ್ರ ಕಡಮೆ. ತುಂಬಿದ ಕಣಜದ ಮುಂದೆ ಕುಳಿತು ಒಂದೊಂದೇ ಕಾಳನ್ನು ಆರಿಸಿ ತಿನ್ನುವವನು ಹಸಿದೇ ಏಳಬೇಕಾದೀತು. ತಲೆಯೆಣಿಕೆಯೊಂದನ್ನೇ ನಂಬಿದ್ದರೆ ಈ ಸಂಗತಿಯು ಎಂದಿಗೂ ಹೊರಬೀಳುತ್ತಿರಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು.

ಈಗ ಮೊಂಬಾಸಾದ ತೆಪ್ಪಗಳ ವಿಚಾರಕ್ಕೆ ಬರೋಣ. ಮರದ ದಿಮ್ಮಿಯೊಂದು ಕಡಲಲ್ಲಿ ತೇಲುತ್ತಿದ್ದರೆ ಅದರ ಅಡಿಯಲ್ಲಿ ಟ್ಯೂನಾ ಸೇರುವುದು ಬೆಸ್ತರಿಗೆಲ್ಲ ಪುರಾತನದಿಂದಲೂ ತಿಳಿದ ವಿಷಯ. ನದಿಗಳು ತಂದುಹಾಕಿದ ದಿಮ್ಮಿಯು ಹೊಳೆಯ ಗೊಬ್ಬರದೊಡನೆ ಸಮೃದ್ಧವಾದ ನೀರಿನಲ್ಲಿಯೇ ತೇಲುವ ಸಂಭವವು ಹೆಚ್ಚಾದುದರಿಂದ, ದಿಮ್ಮಿಯಿದ್ದಲ್ಲಿ ಅನ್ನವೂ ಇದ್ದೀತೆಂಬ ಗುರುತನ್ನು ಮೀನು ತನ್ನ ವಂಶದಲ್ಲಿ ಕಲಿತಿರಬಹುದೆಂದು ಕೆಲವು ಪಂಡಿತರ ಊಹೆ. ಈಗಿನ ಉದ್ಯಮಿಗಳು ಸಹಸ್ರಾರು ತೆಪ್ಪಗಳನ್ನು, ಉಪಗ್ರಹದ ಮೂಲಕ ಸುದ್ದಿ ಕಳುಹಿಸುವ ತೇಲುಗುಂಡುಗಳೊಡನೆ, ತಮಗೆ ಬೇಕಾದೆಡೆಯಲ್ಲಿ ಬಿಡುತ್ತಾರೆ. ಅಡಿಯಲ್ಲಿ ಮೀನೆಷ್ಟು ಸೇರಿತೆಂಬುದನ್ನು ಗುಂಡು ತಾನೇ ಅಳೆದು ಹೇಳುತ್ತದೆ. ಹಡಗು ಬಂದು ಪರ್ಸಿನ್ ಬಲೆಯನ್ನು ಸುತ್ತ ಬೀಸಿ ಎಲ್ಲವನ್ನೂ ಎತ್ತುತ್ತದೆ. ಸ್ಕಿಪ್‌ಜಾಕಿನೊಡನೆ ಹಳದಿ ರೆಕ್ಕೆಯ ಮತ್ತು ದೊಡ್ಡಕಣ್ಣಿನ ಟ್ಯೂನಾದ ಎಳೆಯ ಮರಿಗಳೂ ಹೋಗುತ್ತವೆ.

ಮರಿಗಳ ಹತ್ಯೆಯ ವಿಚಾರವಾಗಿ ಬಹಳ ಮಂದಿ ಬರೆದಿದ್ದಾರೆ. ಅನ್ನದ ವಿಚಾರವಾಗಿ ಬರೆದವರು ಕಡಮೆ. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳಲ್ಲಿ, ತೆಪ್ಪದ ಅಡಿಯಲ್ಲಿ ಹಿಡಿದ ಟ್ಯೂನಾವನ್ನೂ ಸ್ವತಂತ್ರವಾಗಿ ಸಂಚರಿಸುವ ಹಿಂಡಿನ ಟ್ಯೂನಾವನ್ನೂ ಹೋಲಿಸಿ 2008ರಲ್ಲಿ ಇಬ್ಬರು ಸಂಶೋಧಕರು ಒಂದು ಲೇಖನವನ್ನು ಪ್ರಕಟಿಸಿದರು. ತೆಪ್ಪದ ಮೀನುಗಳಲ್ಲಿ ಬರಿದಾದ ಹೊಟ್ಟೆಗಳು ಹೆಚ್ಚು. ಅವುಗಳ ಮೈಯೂ ಬಡಕಲು. ಗುರುತನ್ನು ನಂಬಿ ಬಂದ ಮೀನು, ಅನ್ನವಿಲ್ಲದ ನೀರಿನಲ್ಲಿ ತೆಪ್ಪದ ಹಿಂದೆ ಅಲೆಯುತ್ತ ಉಪವಾಸ ಬೀಳುತ್ತದೆಯೆಂಬುದು ಅವರ ವಾದ. ಇದನ್ನು ಎಲ್ಲ ಪಂಡಿತರೂ ಒಪ್ಪಿಲ್ಲ. ಬಡಕಲಾದ ಮೀನೇ ತೆಪ್ಪವನ್ನು ಆಶ್ರಯಿಸುತ್ತದೆಯೋ, ಆಶ್ರಯಿಸಿದುದರಿಂದ ಬಡಕಲಾಯಿತೋ ಎಂಬ ಪ್ರಶ್ನೆಯನ್ನು ಹಾಕಬಹುದು. ಆದರೆ ನಾವು ಮೇಲೆ ತೋರಿಸಿದಂತೆ, ಒಂದು ದಿನದ ಊಟವು ತಪ್ಪಿದರೂ ಸಾಲ ಬೀಳುವ ಪ್ರಾಣಿಯಿದು. ಅನುಮಾನದ ಲಾಭವನ್ನು ಹಡಗಿನ ಯಜಮಾನನಿಗೆ ಕೊಡಬೇಕೋ, ಹಸಿದ ಮೀನಿಗೆ ಕೊಡಬೇಕೋ? ಆಯೋಗದ ಕೆಲವು ಸದಸ್ಯರು ಯಜಮಾನನಿಗೆ ಕೊಟ್ಟರು. ಆಕ್ಷೇಪಿಸಿದವರಲ್ಲಿ ಸೆಶೆಲ್ಸಿನಂತಹ ಚಿಕ್ಕ ದ್ವೀಪರಾಷ್ಟ್ರವೂ ಇದ್ದಿತೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಆ ದ್ವೀಪದವರ ಜೀವನವು ಟ್ಯೂನಾದ ಡಬ್ಬಿಯ ಕಾರ್ಖಾನೆಯನ್ನು ಬಹಳವಾಗಿ ಅವಲಂಬಿಸಿದೆ. ಆದರೆ ಬಲೆಯ ಹಡಗುಗಳಲ್ಲಿ ಹೆಚ್ಚಿನವುಗಳ ಒಡೆತನವು ಎಲ್ಲಿಯದೆಂಬುದು ಗೊತ್ತಿದ್ದವರಿಗೆ, ವಿಜ್ಞಾನದ ಮೇಲೆ ಯೂರೋಪಿಗೆ ಒಮ್ಮೆಲೇ ಹುಟ್ಟಿದ ಈ ಪ್ರೀತಿಯು ಮುಗುಳುನಗೆಯನ್ನು ತರಿಸೀತು. 2024ರ ಮೇ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ಆಯೋಗವು ತೆಪ್ಪಗಳಿಗೆ ದಾಖಲೆಯ ಪುಸ್ತಕವೊಂದನ್ನಿಡಲೂ ಹಡಗೊಂದಕ್ಕೆ ಇರಬಹುದಾದ ಸಂಖ್ಯೆಯನ್ನು ತಗ್ಗಿಸಲೂ ಒಪ್ಪಿತು. ಇದು ಸ್ವಾಗತಾರ್ಹವೇ. ಆದರೆ 72 ದಿವಸಗಳ ಬಿಡುವಿನ ಮಾತು ಅಲ್ಲಿಗೇ ಅಡಗಿತು.

ತಲೆಯೆಣಿಕೆಯ ಭರವಸೆಯ ವಿಚಾರವಾಗಿ ಇನ್ನೊಂದು ಮಾತು. ಹಿಂದೂ ಮಹಾಸಾಗರದ ಹಳದಿ ರೆಕ್ಕೆಯ ಟ್ಯೂನಾವು ಮಿತಿಮೀರಿ ಹಿಡಿಯಲ್ಪಟ್ಟಿದೆಯೆಂದು 2015ರಲ್ಲಿ ತೀರ್ಮಾನವಾಯಿತು. 2024ರ ಕೊನೆಯಲ್ಲಿ ಮಾಡಿದ ಹೊಸ ಗಣನೆಯ ಪ್ರಕಾರ ಅದು ಹಾಗಿಲ್ಲವಂತೆ. ಗಣನೆ ಮಾಡಿದವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆಧಾರಗಳು ಬದಲಾದರೆ ಉತ್ತರವು ಬದಲಾಗುವುದು ಸಹಜ. ಇಷ್ಟು ಅಲುಗಾಡುವ ಸಂಖ್ಯೆಯ ಪಕ್ಕದಲ್ಲಿ, ಮೀನಿನ ಮೈಯಲ್ಲಿ ಕೊಬ್ಬೆಷ್ಟಿದೆ, ಹೊಟ್ಟೆಯಲ್ಲಿ ಏನಿದೆ ಎಂಬ ಎರಡು ಕಂಬಸಾಲುಗಳನ್ನೂ ಸೇರಿಸಿದರೆ ಯಾರಿಗೂ ನಷ್ಟವಿಲ್ಲವೆಂಬುದಷ್ಟೇ ನಮ್ಮ ವಾದ.

ಇದೇ ಹಸಿವನ್ನು ನೇರವಾಗಿ ಬಳಸಿಕೊಂಡು ಮೀನು ಹಿಡಿಯುವವರು ನಮ್ಮ ಪಡುಗಡಲಿನಲ್ಲಿಯೇ ಇದ್ದಾರೆ. ಲಕ್ಷದ್ವೀಪದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರ ಅಕ್ಟೋಬರ್ ಕೊನೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದು ಹಿರಿಯ ಅಧಿಕಾರಿಗಳಿಗೆ ತಿಳಿದಿರುತ್ತದೆ. ದ್ವೀಪದ ಮಂಜಿಗಳು ತೆಂಗಿನ ಸರಕಿನೊಡನೆ, ಬೇಯಿಸಿ ಹೊಗೆಯಾಡಿಸಿ ಒಣಗಿಸಿದ ಮಾಸ್ ಮೀನನ್ನೂ ಮಂಗಳೂರಿನ ಬಂದರಿಗೆ ತರುತ್ತಿದ್ದುವು. ಆ ಮಾಸ್ ಎಂದರೆ ಸ್ಕಿಪ್‌ಜಾಕೇ. ಮಿನಿಕಾಯಿಯವರದು ಒಂದು ಪುರಾತನ ವಿದ್ಯೆ. ಹವಳದ ಲಗೂನಿನಲ್ಲಿ ಹೊಂಡೆಲಿ ಎಂಬ ಬೆರಳುದ್ದದ ಮೀನನ್ನು ಜೀವಂತವಾಗಿ ಹಿಡಿದು ದೋಣಿಯ ನೀರಿನ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಹಿಂಡನ್ನು ಕಂಡೊಡನೆ ಹಿಡಿಹಿಡಿಯಾಗಿ ಅದನ್ನು ಎರಚುತ್ತಾರೆ. ಮೀನಿನ ಮರಿಗಳು ಹಾರಾಡುವಂತೆ ತೋರಲೆಂದು ನೀರನ್ನೂ ಚಿಮುಕಿಸುತ್ತಾರೆ. ಟ್ಯೂನಾವು ಮೈಮರೆತು ಮುತ್ತಿಕೊಂಡಾಗ ಬಿದಿರಿನ ಗಳುವಿನ ತುದಿಯ ಮುಳ್ಳಿಲ್ಲದ ಗಾಳಕ್ಕೆ ಒಂದೊಂದಾಗಿ ಎತ್ತಿ ದೋಣಿಗೆ ಬೀಸುತ್ತಾರೆ. ಮನುಷ್ಯನೊಬ್ಬನು ಒಮ್ಮೆಗೆ ಒಂದೇ ಮೀನನ್ನು ಹಿಡಿಯುವ ಈ ಕ್ರಮದಲ್ಲಿ ಕಡಲನ್ನು ಬರಿದುಮಾಡುವುದು ಅಸಾಧ್ಯ.

ಆದರೆ ಈ ನಿರಪರಾಧಿಯಾದ ಕಸಬು ಕೂಡ ಹೊಂಡೆಲಿಯೊಂದರ ಮೇಲೆ ನಿಂತಿದೆ. ಹೊಂಡೆಲಿಯು ಹವಳದ ಮೇಲೆ ನಿಂತಿದೆ. 1998, 2010, 2016, 2024 ಈ ವರ್ಷಗಳಲ್ಲಿ ಸಮುದ್ರವು ಅತಿಯಾಗಿ ಬಿಸಿಯೇರಿ ಆ ದ್ವೀಪಗಳ ಹವಳವು ಬಿಳಿಚಿಹೋಯಿತು. ಎರೆಯು ಸಿಕ್ಕದ ದಿನ, ಹೊರಗೆ ಎಷ್ಟು ಟ್ಯೂನಾ ಇದ್ದರೂ ದೋಣಿಯು ದಡದಲ್ಲಿಯೇ ಇರಬೇಕಾಗುತ್ತದೆ.

ಚಿಕ್ಕ ಮೀನನ್ನು ದೊಡ್ಡ ಮೀನಿಗೆ ಉಣಿಸುವ ಇನ್ನೊಂದು ವ್ಯಾಪಾರವು ದಕ್ಷಿಣ ಆಸ್ಟ್ರೇಲಿಯದ ಪೋರ್ಟ್ ಲಿಂಕನ್ನಿನಲ್ಲಿ 1990ರ ಸುಮಾರಿಗೆ ಆರಂಭವಾಯಿತು. ಕಡಲಿನಲ್ಲಿ ಹಿಡಿದ ಎಳೆಯ ನೀಲಿ ರೆಕ್ಕೆಯ ಟ್ಯೂನಾವನ್ನು ಬಲೆಯ ದೊಡ್ಡಿಯಲ್ಲಿ ಕೂಡಿಹಾಕಿ ಕೊಬ್ಬಿಸಿ ಜಪಾನಿಗೆ ಮಾರುತ್ತಾರೆ. ಒಂದು ಕಿಲೋ ಟ್ಯೂನಾ ಬೆಳೆಯಬೇಕಾದರೆ ಹತ್ತು ಹದಿನೈದು ಕಿಲೋ ಬೂತಾಯಿ ಜಾತಿಯ ಮೀನು ಬೇಕು. ಈ ದುಂದಿಗೆ ಸಾಕುವವನ ಅಜ್ಞಾನವು ಕಾರಣವಲ್ಲ. ಒಲೆಯ ಗುಣವೇ ಹಾಗೆ. ಅದಕ್ಕಾಗಿ ಅಲ್ಲಿ 1991ರಲ್ಲಿ ಬೂತಾಯಿ ಹಿಡಿಯುವ ಉದ್ಯಮವೊಂದನ್ನೇ ಹೊಸದಾಗಿ ಕಟ್ಟಬೇಕಾಯಿತು. 1995ರಲ್ಲಿಯೂ 1998ರಲ್ಲಿಯೂ ಒಂದು ರೋಗವು ಬಂದು ಆ ದಡದ ಬೂತಾಯಿಗಳು ರಾಶಿರಾಶಿಯಾಗಿ ಸತ್ತವು.

ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ದಕ್ಕೆಗಳಿಗೆ ಬರುವುದು ಬಹುಮಟ್ಟಿಗೆ ಚಿಕ್ಕ ಜಾತಿಯ ಗೇದರ್. ದಡದ ಸಮೀಪದಲ್ಲಿ ಬೂತಾಯಿ, ಕೊಲ್ಲತರು, ಬೊಂಡಾಸ್ ಇವುಗಳನ್ನು ಅದು ತಿಂದು ಬದುಕುತ್ತದೆ. ಅದೇ ಬೂತಾಯಿ, ಅದೇ ಎಳೆಯ ಮರಿಗಳು ಮಂಗಳೂರು ಮಲ್ಪೆಗಳ ಸುತ್ತಮುತ್ತಲಿನ ಮೀನುಹಿಟ್ಟಿನ ಕಾರ್ಖಾನೆಗಳಿಗೂ ಹೋಗುತ್ತವೆ; ಹಿಟ್ಟಾಗಿ ಎಣ್ಣೆಯಾಗಿ ಸೀಗಡಿಯ ಹೊಂಡಗಳಿಗೂ ಕೋಳಿಯ ಗೂಡುಗಳಿಗೂ ಸೇರುತ್ತವೆ. ಕಾರ್ಖಾನೆಗಳು ಬೇಡವೆಂದು ನಾವು ಹೇಳುವುದಿಲ್ಲ; ಸಾವಿರಾರು ಮಂದಿ ಅದರಿಂದ ಉಣ್ಣುತ್ತಿರುವರು. ಕೇರಳದ ಸರ್ಕಾರವು 2015ರಲ್ಲಿಯೇ 10 ಸೆಂಟಿಮೀಟರಿಗಿಂತ ಚಿಕ್ಕದಾದ ಬೂತಾಯಿಯನ್ನು ಹಿಡಿಯಕೂಡದೆಂದು ಕಟ್ಟಳೆಯನ್ನು ಮಾಡಿತು. ಮರಿಯು ಬೆಳೆದು ಮೊಟ್ಟೆಯಿಡಲೆಂಬುದು ಅದರ ಉದ್ದೇಶ. ಅದರಿಂದ ಗೇದರಿನ ತುತ್ತೂ ದೊಡ್ಡದಾಗುವುದೆಂಬ ಎರಡನೆಯ ಲಾಭವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೇನ್ ಕೊಲ್ಲಿಯ ಲೆಕ್ಕದ ಪುಸ್ತಕವನ್ನು ಓದಿದವರಿಗೆ ಅದು ಮೊದಲ ಲಾಭಕ್ಕಿಂತ ಕಡಮೆಯೆನಿಸದು.

1947ರಲ್ಲಿ ಸ್ಥಾಪಿತವಾದ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಮಂಗಳೂರಿನಲ್ಲಿಯೂ ಇದ್ದುಕೊಂಡು ತಮ್ಮಿಂದಾದಷ್ಟು ಮೀನುಗಳ ಹೊಟ್ಟೆಯನ್ನು ಪರೀಕ್ಷಿಸುತ್ತಿರುವರು. ಅವರ ಕೆಲಸವು ಮಾದರಿಗಾಗಿ ಆರಿಸಿದ ಕೆಲವು ಮೀನುಗಳಿಗೆ ಸೀಮಿತವಾದುದು. ಅಷ್ಟು ಜನರಿಂದ ಅದಕ್ಕಿಂತ ಹೆಚ್ಚನ್ನು ಬಯಸುವುದೂ ನ್ಯಾಯವಲ್ಲ. ನಾವು ಕೇಳುವುದು ಬೇರೆ. ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಲ್ಲಿ ಗೇದರ್ ಇಳಿಯುವ ತಿಂಗಳುಗಳಲ್ಲಿ ದಿನವೂ ಇಪ್ಪತ್ತು ಮೀನುಗಳ ಉದ್ದ, ತೂಕ, ಹೊಟ್ಟೆಯೊಳಗೆ ಸಿಕ್ಕಿದ ಪದಾರ್ಥ ಇವಿಷ್ಟನ್ನು ಬರೆದಿಡುವ ಗುಮಾಸ್ತನೊಬ್ಬನು ಬೇಕು. ಒಂದು ತಕ್ಕಡಿ, ಒಂದು ಚೂರಿ, ರೂಲು ಹಾಕಿದ ಒಂದು ಪುಸ್ತಕ, ಇಷ್ಟರಿಂದ ಕೆಲಸವು ನಡೆಯುತ್ತದೆ. ಹತ್ತು ವರ್ಷ ಬಿಡದೆ ಬರೆದ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋದ ನಮ್ಮ ಪ್ರತಿನಿಧಿಗೆ, ವಿಜ್ಞಾನದ ಆಧಾರವಿಲ್ಲವೆಂಬ ಮಾತನ್ನು ಆಯೋಗದಲ್ಲಿ ಯಾರೂ ಸುಲಭವಾಗಿ ಹೇಳಲಾರರು. ಆ ಗುಮಾಸ್ತನ ಸಂಬಳವನ್ನು ಯಾವ ಬಾಬಿನಲ್ಲಿ ತೋರಿಸಬೇಕೆಂಬುದನ್ನು ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು ನಮಗಿಂತ ಚೆನ್ನಾಗಿ ಬಲ್ಲರು.